ಕ್ವಾರ್ಟರ್‌ಬ್ಯಾಕ್ ಪದೇ ಪದೇ ನೆಲಕ್ಕುರುಳಿದರೆ ಹೊಣೆ ಕೋಚ್‌ನದೋ, ಆಟಗಾರರದೋ?

ಪ್ರಶ್ನೆ: ನಾನು ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಸಮೀಪ ಹಲವು ವರ್ಷಗಳಿಂದ ವಾಸವಾಗಿದ್ದೇನೆ. ಇಲ್ಲಿಗೆ ಬರುವ ತನಕ ಕ್ರಿಕೆಟ್ ಮತ್ತು ಕಬಡ್ಡಿ ಬಿಟ್ಟರೆ ಬೇರೆ ಆಟದ ಗೊಡವೆ ನನಗಿರಲಿಲ್ಲ. ಈಗ ಮಕ್ಕಳ ದೆಸೆಯಿಂದ ಅಮೆರಿಕನ್ ಫುಟ್‌ಬಾಲ್ ಆಡುವ ಬೆಂಗಾಲ್ಸ್ ತಂಡದ ಪಂದ್ಯಗಳನ್ನು ತಪ್ಪದೆ ನೋಡುತ್ತೇನೆ. ಚೆಂಡೆಸೆದು ದಾಳಿ ನಡೆಸುವ ಜಾಗದಲ್ಲಿ ಜೋ ಬರೋ ಅವರಂಥ ಕ್ವಾರ್ಟರ್‌ಬ್ಯಾಕ್ ಇದ್ದರೂ ಅವರನ್ನು ಕಾಯಬೇಕಾದ ಅಫೆನ್ಸಿವ್ ಲೈನ್ ವರ್ಷ ವರ್ಷವೂ ಕುಸಿಯುತ್ತದೆ. ನನ್ನ ಮಗ ಲೈನ್ ಕೋಚ್‌ನನ್ನು ಬೈಯುತ್ತಾನೆ. ಆಟಗಾರರಲ್ಲೇ ಕಸುವಿಲ್ಲವೆಂದು ನನಗನಿಸುತ್ತದೆ. ನಮ್ಮಿಬ್ಬರಲ್ಲಿ ಯಾರ ಮಾತು ಸರಿ? ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2021ರಲ್ಲಿ, ಲೈನ್ ಆಟಗಾರ ಪೆನೇ ಸೂಯೆಲ್ ಅವರನ್ನು ಬಿಟ್ಟು ಎಸೆದ ಚೆಂಡನ್ನು ಹಿಡಿಯುವ ಜಮಾರ್ ಚೇಸ್ ಅವರನ್ನು ಆರಿಸಿದ್ದೇ ಮೂಲ ತಪ್ಪೇ?

ಉತ್ತರ: ನಿಮ್ಮ ತಂಡದ ಮಟ್ಟಿಗೆ ಹೇಳುವುದಾದರೆ, ನೀವು ಮುಕ್ಕಾಲು ಪಾಲು ಸರಿ, ನಿಮ್ಮ ಮಗ ಕಾಲು ಪಾಲು ಸರಿ. ಆದರೆ ಎಲ್ಲ ತಂಡಗಳಿಗೂ ಇದೇ ಲೆಕ್ಕ ಹೊಂದುವುದಿಲ್ಲವಾದ್ದರಿಂದ, ಈ ತೀರ್ಮಾನಕ್ಕೆ ಬಂದ ದಾರಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಆಟದ ಪರಿಚಯ ಕಡಿಮೆ ಇರುವ ಓದುಗರಿಗಾಗಿ ಒಂದೆರಡು ಮಾತು. ಅಫೆನ್ಸಿವ್ ಲೈನ್ ಎಂದರೆ ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್, ಅವನ ಎಡಬಲದ ಇಬ್ಬರು ಗಾರ್ಡ್‌ಗಳು ಮತ್ತು ಎರಡು ತುದಿಗಳಲ್ಲಿ ನಿಲ್ಲುವ ಟ್ಯಾಕಲ್‌ಗಳು. ಸುಮಾರು 140 ಕಿಲೋ ತೂಗುವ ಈ ಐವರು, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯುವ ತನಕ, ಅಂದರೆ ಎರಡೂವರೆ ಮೂರು ಸೆಕೆಂಡುಗಳ ಕಾಲ, ಎದುರಾಳಿಗಳು ಅವನ ಮೇಲೆ ಬೀಳದಂತೆ ತಡೆಯಬೇಕು. ತಡೆಯಲಾಗದೆ ಅವನು ಚೆಂಡಿನೊಂದಿಗೆ ನೆಲಕ್ಕುರುಳಿದರೆ ಅದು ಸ್ಯಾಕ್. ಕಬಡ್ಡಿಯಲ್ಲಿ ಕೈಕೈ ಹಿಡಿದ ಸರಪಳಿ ಒಂದು ಕಡೆ ಕಳಚಿದರೆ ರೈಡರ್ ಅಲ್ಲಿಂದಲೇ ನುಸುಳುವುದನ್ನು ನೀವು ಕಂಡಿರುತ್ತೀರಿ. ಇಲ್ಲಿಯೂ ನಾಲ್ವರು ಚೆನ್ನಾಗಿ ಆಡಿ ಒಬ್ಬನು ಎಡವಿದರೆ ಫಲ ಐವರೂ ಎಡವಿದಷ್ಟೇ ಕೆಟ್ಟದಾಗಿರುತ್ತದೆ. ಪ್ರತಿಭೆಯನ್ನೂ ತರಬೇತಿಯನ್ನೂ ಬಿಡಿಸಿ ನೋಡುವುದು ಈ ಜಾಗದಲ್ಲಿ ಇಷ್ಟು ಕಷ್ಟವಾಗಿರುವುದಕ್ಕೆ ಇದೇ ಕಾರಣ.

ಎರಡನ್ನೂ ಬಿಡಿಸಲು ನನಗೆ ತಿಳಿದಿರುವ ನ್ಯಾಯವಾದ ಉಪಾಯ ಒಂದೇ: ಕೋಚ್ ಹಾಗೆಯೇ ಉಳಿದು ಆಟಗಾರರು ಬದಲಾದ ಪ್ರಸಂಗವನ್ನೂ, ಆಟಗಾರ ಅವನೇ ಆಗಿದ್ದು ಕೋಚ್ ಬದಲಾದ ಪ್ರಸಂಗವನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಈಚಿನ ಇತಿಹಾಸದಲ್ಲಿ ಎರಡಕ್ಕೂ ಒಳ್ಳೆಯ ನಿದರ್ಶನಗಳಿವೆ.

ಮೊದಲನೆಯದು ಕಾನ್ಸಾಸ್ ಸಿಟಿ ಚೀಫ್ಸ್ ತಂಡದ್ದು. 2021ರ ಫೆಬ್ರವರಿಯ ಸೂಪರ್ ಬೌಲ್‌ಗೆ, ಅಂದರೆ ಲೀಗ್‌ನ ಅಂತಿಮ ಪಂದ್ಯಕ್ಕೆ, ಬರುವ ಹೊತ್ತಿಗೆ ಅವರ ಇಬ್ಬರು ಟ್ಯಾಕಲ್‌ಗಳೂ ಗಾಯಗೊಂಡಿದ್ದರು. ಎರಿಕ್ ಫಿಷರ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹಿಂದಿನ ಪಂದ್ಯದಲ್ಲಷ್ಟೇ ಹರಿದಿತ್ತು, ಮಿಚೆಲ್ ಶ್ವಾರ್ಟ್ಜ್ ಬೆನ್ನುನೋವಿನಿಂದ ತಿಂಗಳುಗಳಿಂದ ಹೊರಗಿದ್ದರು. ಬದಲಿ ಆಟಗಾರರ ಹಿಂದೆ ನಿಂತ ಪ್ಯಾಟ್ರಿಕ್ ಮಹೋಮ್ಸ್ ಪಂದ್ಯದುದ್ದಕ್ಕೂ ಜೀವ ಉಳಿಸಿಕೊಳ್ಳಲು ಓಡಬೇಕಾಯಿತು, ಮತ್ತು ತಂಡ ಟ್ಯಾಂಪಾ ಬೇ ಬಕನಿಯರ್ಸ್ ಎದುರು 31-9ರಿಂದ ಸೋತಿತು. ಆಗ ಆಡಳಿತವು ಲೈನ್ ಕೋಚ್ ಆ್ಯಂಡಿ ಹೆಕ್ ಅವರನ್ನು ಮುಟ್ಟಲಿಲ್ಲ. ಬದಲಿಗೆ ಒರ್ಲಾಂಡೋ ಬ್ರೌನ್ ಅವರನ್ನು ವಿನಿಮಯದಲ್ಲಿ ತಂದಿತು, ಜೋ ತೂನಿ ಅವರನ್ನು ಹಣ ಕೊಟ್ಟು ಕರೆತಂದಿತು, ಡ್ರಾಫ್ಟ್‌ನಲ್ಲಿ ಕ್ರೀಡ್ ಹಂಫ್ರಿ ಮತ್ತು ಟ್ರೇ ಸ್ಮಿತ್ ಅವರನ್ನು ಆರಿಸಿತು. ಮುಂದಿನ ಋತುವಿನ ಮೊದಲ ಪಂದ್ಯಕ್ಕೆ ಇಳಿದ ಐವರಲ್ಲಿ ಒಬ್ಬರೂ ಆ ಸೂಪರ್ ಬೌಲ್ ಅನ್ನು ಆರಂಭಿಸಿದವರಾಗಿರಲಿಲ್ಲ. ಎರಡು ವರ್ಷಗಳ ಬಳಿಕ, 2023ರ ಸೂಪರ್ ಬೌಲ್‌ನಲ್ಲಿ, ಅದೇ ಹೆಕ್ ಅವರ ಲೈನ್ ಆ ಋತುವಿನಲ್ಲಿ 70 ಸ್ಯಾಕ್ ಗಳಿಸಿದ್ದ ಫಿಲಡೆಲ್ಫಿಯಾ ಈಗಲ್ಸ್‌ಗೆ ಒಂದು ಸ್ಯಾಕ್ ಅನ್ನೂ ಬಿಟ್ಟುಕೊಡಲಿಲ್ಲ. ಕೋಚ್ ಅವರೇ, ಪಾಠ ಬಹುಮಟ್ಟಿಗೆ ಅದೇ, ಬದಲಾದದ್ದು ಶಿಷ್ಯರು. (ಸ್ಮಿತ್ ಆರನೆಯ ಸುತ್ತಿನಲ್ಲಿ ಸಿಕ್ಕವರಾದ್ದರಿಂದ ಅವರ ಏಳಿಗೆಯನ್ನು ಕೋಚ್‌ನ ಪವಾಡವೆನ್ನುವವರಿದ್ದಾರೆ. ಅವರು ಅಷ್ಟು ಕೆಳಗೆ ಇಳಿದದ್ದು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಹಳೆಯ ಕಾಯಿಲೆಯ ಭಯದಿಂದಲೇ ಹೊರತು ಆಟದ ಕೊರತೆಯಿಂದಲ್ಲ.)

ಇದೊಂದನ್ನೇ ನೋಡಿದರೆ ನಿಮ್ಮ ಮಗ ಸಂಪೂರ್ಣ ಸೋತಂತೆ. ಆದರೆ ಆ ದಿನ ಎದುರಿಗಿದ್ದ ಈಗಲ್ಸ್ ತಂಡವೇ ಅವನ ಪರವಾಗಿ ಸಾಕ್ಷಿ ಹೇಳುತ್ತದೆ. ಜೆಫ್ ಸ್ಟೌಟ್‌ಲೆಂಡ್ 2013ರಲ್ಲಿ ಅಲ್ಲಿಗೆ ಲೈನ್ ಕೋಚ್ ಆಗಿ ಬಂದರು. ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಆಡುತ್ತಿದ್ದ, ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಿರದ ಜೋರ್ಡನ್ ಮೈಲಾಟಾ ಅವರನ್ನು ತಂಡ 2018ರ ಡ್ರಾಫ್ಟ್‌ನ ಕೊನೆಯ ಸುತ್ತಿನಲ್ಲಿ, 233ನೆಯವರಾಗಿ ಆರಿಸಿತು. ಮೊದಲ ಎರಡು ಋತುಗಳಲ್ಲಿ ಮೈಲಾಟಾ ಮೈದಾನಕ್ಕಿಳಿಯಲೇ ಇಲ್ಲ. ಕಾಲು ಹೇಗಿಡಬೇಕು, ಕೈ ಯಾವ ಗಳಿಗೆಯಲ್ಲಿ ಚಾಚಬೇಕು ಎಂಬುದನ್ನು ಅಕ್ಷರಾಭ್ಯಾಸದಂತೆ ಕಲಿತು, ಮುಂದೆ ಅವರು ತಂಡದ ಕಾಯಂ ಲೆಫ್ಟ್ ಟ್ಯಾಕಲ್ ಆದರು. ಇದಕ್ಕಿಂತಲೂ ನನಗೆ ಹೆಚ್ಚು ಮಹತ್ವದ್ದೆನಿಸುವುದು ಮೆಕಾಯ್ ಬೆಕ್ಟನ್ ಅವರ ಕಥೆ. ನ್ಯೂಯಾರ್ಕ್ ಜೆಟ್ಸ್ 2020ರಲ್ಲಿ 11ನೆಯವರಾಗಿ ಆರಿಸಿದ ಈ ಟ್ಯಾಕಲ್, ಮೊಣಕಾಲಿನ ಗಾಯಗಳಿಂದ ಸುಮಾರು ಎರಡು ಋತುಗಳನ್ನು ಕಳೆದುಕೊಂಡು, ಮರಳಿ ಬಂದಾಗಲೂ ತಿಣುಕಿ, ಹುಸಿಹೋದ ಆಯ್ಕೆ ಎಂದು ಎಲ್ಲರಿಂದ ಅನಿಸಿಕೊಂಡಿದ್ದರು. 2024ರಲ್ಲಿ ಒಂದು ವರ್ಷದ ಒಪ್ಪಂದದ ಮೇಲೆ ಫಿಲಡೆಲ್ಫಿಯಾಕ್ಕೆ ಬಂದ ಅವರನ್ನು ತುದಿಯಿಂದ ಒಳಗೆ ಸರಿಸಿ ರೈಟ್ ಗಾರ್ಡ್ ಆಗಿ ನಿಲ್ಲಿಸಲಾಯಿತು, ಅದೇ ಋತುವಿನಲ್ಲಿ ತಂಡ ಚೀಫ್ಸ್ ವಿರುದ್ಧ 40-22ರಿಂದ ಸೂಪರ್ ಬೌಲ್ ಗೆದ್ದಿತು. ದೇಹ ಅದೇ, ಜಾಗ ಮತ್ತು ಗುರು ಬೇರೆ. ಆದರೆ ಇಲ್ಲಿಯೂ ಒಂದು ತೊಡಕಿದೆ. ಬೆಕ್ಟನ್ ಅವರ ಬಲಕ್ಕೆ ನಿಂತದ್ದು ಈ ಪೀಳಿಗೆಯ ಶ್ರೇಷ್ಠ ರೈಟ್ ಟ್ಯಾಕಲ್‌ಗಳಲ್ಲೊಬ್ಬರಾದ ಲೇನ್ ಜಾನ್ಸನ್. ಪಕ್ಕದವನು ತನ್ನ ಕೆಲಸವನ್ನು ಒಬ್ಬಂಟಿಯಾಗಿ ಮುಗಿಸಬಲ್ಲನೆಂದಾದರೆ ನಮ್ಮ ಕೆಲಸ ಅರ್ಧ ಹಗುರವಾಗುತ್ತದೆ.

ಇನ್ನು ನಿಮ್ಮ ಬೆಂಗಾಲ್ಸ್. ಲೈನ್‌ಗೆ ಹಣ ಅಥವಾ ಡ್ರಾಫ್ಟ್ ಸರದಿ ಖರ್ಚು ಮಾಡಲಿಲ್ಲವೆಂಬ ದೂರು ಈ ತಂಡದ ಮೇಲೆ ಸಾಮಾನ್ಯವಾಗಿ ಕೇಳಿಬರುತ್ತದೆ, ಅದು ಪೂರ್ತಿ ನಿಜವಲ್ಲ. 2015ರಲ್ಲಿ ಸೆಡ್ರಿಕ್ ಓಗ್ಬುಯೇಹಿ, 2018ರಲ್ಲಿ ಬಿಲ್ಲಿ ಪ್ರೈಸ್, 2019ರಲ್ಲಿ ಜೋನಾ ವಿಲಿಯಮ್ಸ್ ಮೊದಲ ಸುತ್ತಿನಲ್ಲಿಯೇ ಆಯ್ಕೆಯಾದರು. 2015ರಲ್ಲಿ ಜೇಕ್ ಫಿಷರ್, 2021ರಲ್ಲಿ ಜಾಕ್ಸನ್ ಕಾರ್ಮನ್ ಎರಡನೆಯ ಸುತ್ತಿನಲ್ಲಿ ಬಂದರು. ಈ ಐವರಲ್ಲಿ ವಿಲಿಯಮ್ಸ್ ಒಬ್ಬರನ್ನು ಬಿಟ್ಟರೆ ಯಾರೂ ತಂಡದಲ್ಲಿ ಗಟ್ಟಿಯಾಗಿ ನೆಲೆಯೂರಲಿಲ್ಲ. ಈಗ ಕೋಚ್‌ಗಳ ಪಟ್ಟಿ ನೋಡಿ: 2017ರ ತನಕ ಪಾಲ್ ಅಲೆಕ್ಸಾಂಡರ್, 2018ರಲ್ಲಿ ಫ್ರಾಂಕ್ ಪೊಲ್ಲಾಕ್, ಮುಂದಿನ ಎರಡು ವರ್ಷ ಜಿಮ್ ಟರ್ನರ್, 2021ರಲ್ಲಿ ಮತ್ತೆ ಪೊಲ್ಲಾಕ್. ಹೊಸ ಮುಖ್ಯ ಕೋಚ್ ಬಂದಾಗ ಹೊರಗೆ ಕಳುಹಿಸಿದವರನ್ನೇ ಎರಡು ವರ್ಷಗಳಲ್ಲಿ ವಾಪಸ್ ಕರೆಸಿಕೊಂಡ ಆಡಳಿತಕ್ಕೆ ರೋಗ ಎಲ್ಲಿದೆಯೆಂಬುದು ಸ್ಪಷ್ಟವಿರಲಿಲ್ಲವೆಂದೇ ನಾನು ತಿಳಿಯುತ್ತೇನೆ. ಮೂವರು ಬೇರೆ ಬೇರೆ ಗುರುಗಳ ಕೈಯಲ್ಲಿ ಒಂದೇ ತೆರನಾದ ಫಲ ಬರುತ್ತಿದ್ದರೆ, ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವವರ ಕಣ್ಣನ್ನು ಮೊದಲು ಪರೀಕ್ಷಿಸಬೇಕು. ನಿಮಗೆ ಮುಕ್ಕಾಲು ಅಂಕ ಕೊಟ್ಟದ್ದು ಇದಕ್ಕೆ.

2021ರ ಋತುವಿನಲ್ಲಿ ಬರೋ 51 ಬಾರಿ ಸ್ಯಾಕ್ ಆದರು. ಪ್ಲೇಆಫ್‌ನಲ್ಲಿ ಟೆನೆಸ್ಸೀ ಟೈಟನ್ಸ್ ಅವರನ್ನು ಒಂಬತ್ತು ಬಾರಿ ಕೆಡವಿದರೂ ಪಂದ್ಯ ಸಿನ್ಸಿನಾಟಿಯದಾಯಿತು, ಸೂಪರ್ ಬೌಲ್‌ನಲ್ಲಿ ಲಾಸ್ ಏಂಜಲಿಸ್ ರಾಮ್ಸ್ ಏಳು ಬಾರಿ ಕೆಡವಿದಾಗ ಕಪ್ ಕೈತಪ್ಪಿತು. 2022ಕ್ಕೆ ಅಲೆಕ್ಸ್ ಕ್ಯಾಪಾ, ಟೆಡ್ ಕ್ಯಾರಸ್, ಲಾಯೆಲ್ ಕಾಲಿನ್ಸ್ ಎಂಬ ಮೂವರು ಅನುಭವಿಗಳು ಬಂದರು, ಲೆಫ್ಟ್ ಗಾರ್ಡ್ ಜಾಗಕ್ಕೆ ಕಾರ್ಡೆಲ್ ವೋಲ್ಸನ್ ಎಂಬ ಹೊಸ ಹುಡುಗ ಬಂದ. ಆ ವರ್ಷದ ಮೊದಲ ಎರಡೇ ಪಂದ್ಯಗಳಲ್ಲಿ 13 ಸ್ಯಾಕ್‌ಗಳಾದವು, ಉಳಿದ 14 ಪಂದ್ಯಗಳಲ್ಲಿ ಒಟ್ಟು 28. ನಡುವೆ ಕೋಚ್ ಬದಲಾಗಲಿಲ್ಲ, ಆಟಗಾರರೂ ಬದಲಾಗಲಿಲ್ಲ. ಐವರು ಪರಸ್ಪರರ ಚಲನೆಯನ್ನು ಅರಿತುಕೊಂಡರು, ಅಷ್ಟೇ. ಎರಡನೆಯ ವಾರದಲ್ಲಿ ಕೋಚ್‌ನನ್ನು ಬೈದವರು ಹತ್ತನೆಯ ವಾರದಲ್ಲಿ ಆ ಮಾತನ್ನು ಹಿಂತೆಗೆದುಕೊಂಡದ್ದನ್ನು ನಾನಂತೂ ಕೇಳಲಿಲ್ಲ.

ಅದೇ ಋತುವಿನ ಕೊನೆಯಲ್ಲಿ ನಡೆದದ್ದು ಇನ್ನೂ ಹೆಚ್ಚು ಕಲಿಸುತ್ತದೆ. ಲೈನ್‌ನ ಮೂವರು ಗಾಯಗೊಂಡು, ಬದಲಿಯವರೊಂದಿಗೆ ಬಫಲೋದ ಹಿಮದಲ್ಲಿ ಆಡಿದ ತಂಡ 27-10ರಿಂದ ಗೆದ್ದಿತು. ಲೈನ್ ಅಂದು ಬಂಡೆಯಂತೆ ನಿಂತಿತ್ತು. ಒಂದೇ ವಾರದ ನಂತರ ಕಾನ್ಸಾಸ್ ಸಿಟಿಯಲ್ಲಿ, ಅದೇ ಬದಲಿಯವರು, ಅದೇ ಕೋಚ್, ಆದರೆ ಎದುರಿಗೆ ಕ್ರಿಸ್ ಜೋನ್ಸ್ ಅವರಂಥ ಬಲಾಢ್ಯ. ಬರೋ ಐದು ಬಾರಿ ನೆಲಕ್ಕುರುಳಿದರು, ಪಂದ್ಯ 23-20ರಿಂದ ಕೈತಪ್ಪಿತು. ಕೋಚ್ ಒಳ್ಳೆಯ ಯೋಜನೆಯಿಂದ ಕೊರತೆಯನ್ನು ಒಂದು ವಾರ ಮರೆಮಾಚಬಹುದು. ಎದುರಾಳಿಯಲ್ಲಿ ನಿಜವಾದ ಅಸಾಧಾರಣ ಆಟಗಾರನಿದ್ದಾಗ ಆ ಪರದೆ ಸರಿಯುತ್ತದೆ.

ಹಾಗಾದರೆ ಕೋಚ್‌ನ ತಪ್ಪು ಕಣ್ಣಿಗೆ ಹೇಗೆ ಕಾಣಿಸುತ್ತದೆ? ಮುಂದಿನ ಪಂದ್ಯದಲ್ಲಿ ಸ್ಯಾಕ್ ಆದಾಗ ಮರುಪ್ರಸಾರದಲ್ಲಿ ಚೆಂಡನ್ನು ನೋಡದೆ ಐವರನ್ನು ನೋಡಿ. ಒಬ್ಬನೇ ಒಬ್ಬನ ಎದುರು ಸೋತಿದ್ದರೆ, ಅದರಲ್ಲೂ ಸರಿಯಾದ ಜಾಗದಲ್ಲಿ ಸರಿಯಾಗಿ ನಿಂತು ಕೈಯಿಟ್ಟ ಮೇಲೂ ಹಿಂದಕ್ಕೆ ದೂಡಲ್ಪಟ್ಟಿದ್ದರೆ, ಅದು ಕಸುವಿನ ಪ್ರಶ್ನೆ, ಕೋಚ್ ಅದಕ್ಕೆ ಮಾಡಬಹುದಾದದ್ದು ಅಲ್ಪ. ಆದರೆ ಎದುರಾಳಿಯೊಬ್ಬ ಯಾರ ಕೈಗೂ ತಾಗದೆ ನೇರವಾಗಿ ಒಳಗೆ ಬಂದಿದ್ದರೆ, ಅಥವಾ ಇಬ್ಬರು ಎದುರಾಳಿಗಳು ಜಾಗ ಅದಲುಬದಲು ಮಾಡಿಕೊಂಡು ನುಗ್ಗುವ ಸ್ಟಂಟ್ ಎಂಬ ವರಸೆಗೆ ಗಾರ್ಡ್ ಮತ್ತು ಟ್ಯಾಕಲ್ ಇಬ್ಬರೂ ಒಬ್ಬನನ್ನೇ ಬೆನ್ನಟ್ಟಿದ್ದರೆ, ಅಲ್ಲಿ ಸೋತದ್ದು ತಿಳಿವಳಿಕೆ. ಅದನ್ನು ಸೆಪ್ಟೆಂಬರ್‌ನಲ್ಲಿ ಕ್ಷಮಿಸಬಹುದು. ನವೆಂಬರ್‌ನಲ್ಲಿಯೂ ಅದೇ ಎಡವಟ್ಟು ಮರುಕಳಿಸಿದರೆ ನಿಮ್ಮ ಮಗನ ಬೈಗುಳ ಸರಿಯಾದ ವಿಳಾಸಕ್ಕೇ ಹೋಗುತ್ತಿದೆ ಎನ್ನಬೇಕು. ಇನ್ನೊಂದು ಬಗೆಯೂ ಇದೆ: ಲೈನ್ ಮೂರು ಸೆಕೆಂಡು ತಡೆದ ಮೇಲೂ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಕೈಯಲ್ಲೇ ಇಟ್ಟುಕೊಂಡಿರುವುದು. ದೂರದ ಎಸೆತಕ್ಕಾಗಿ ಕಾಯುವ ಬರೋ ಅವರ ಧೈರ್ಯವನ್ನು ಮೆಚ್ಚುವ ನಾವು, ಅದರಿಂದಾಗುವ ಸ್ಯಾಕ್‌ಗಳ ಲೆಕ್ಕವನ್ನು ಲೈನ್ ಖಾತೆಗೆ ಬರೆಯುವುದು ನ್ಯಾಯವಲ್ಲ.

ಕೋಚ್‌ಗಳ ಪರವಾಗಿ ಒಂದು ಮಾತು ಸೇರಿಸಬೇಕು. 2011ರಲ್ಲಿ ಆಟಗಾರರ ಸಂಘದೊಂದಿಗೆ ಆದ ಒಪ್ಪಂದದಿಂದ, ರಕ್ಷಾಕವಚ ತೊಟ್ಟು ಮೈಗೆ ಮೈ ಕೊಟ್ಟು ಮಾಡುವ ಅಭ್ಯಾಸ ಇಡೀ ಋತುವಿಗೆ 14 ದಿನಗಳಿಗೆ ಇಳಿದಿದೆ. ಆಟಗಾರರ ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ. ಆದರೆ ಎದುರಿನವನ ತಳ್ಳಾಟವನ್ನು ದೇಹದಿಂದಲೇ ಕಲಿಯಬೇಕಾದ ಈ ಕಸುಬಿಗೆ ಅದರ ಹೊಡೆತ ಉಳಿದೆಲ್ಲ ಸ್ಥಾನಗಳಿಗಿಂತ ಜೋರಾಗಿ ಬಿದ್ದಿದೆ.

ಸೂಯೆಲ್ ಕುರಿತ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಐದನೆಯವರಾಗಿ ಚೇಸ್ ಹೋದರು, ಏಳನೆಯವರಾಗಿ ಡೆಟ್ರಾಯ್ಟ್‌ಗೆ ಹೋದ ಸೂಯೆಲ್ ಇಂದು ಅತ್ಯುತ್ತಮ ಟ್ಯಾಕಲ್‌ಗಳಲ್ಲೊಬ್ಬರು. ಆದರೆ ಮೊದಲ ವರ್ಷವೇ 1,455 ಗಜ ಗಳಿಸಿ ತಂಡವನ್ನು ಸೂಪರ್ ಬೌಲ್‌ಗೆ ಒಯ್ದ ಚೇಸ್ ಅವರ ಆಯ್ಕೆಯನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಅದೇ ಡ್ರಾಫ್ಟ್‌ನ ಎರಡನೆಯ ಸುತ್ತಿನಲ್ಲಿ ಬೆಂಗಾಲ್ಸ್ 46ನೆಯವರಾಗಿ ಕಾರ್ಮನ್ ಅವರನ್ನು ಕರೆದಾಗ, ಮುಂದೆ 63ನೆಯವರಾಗಿ ಕಾನ್ಸಾಸ್ ಸಿಟಿ ಸೇರಿದ ಕ್ರೀಡ್ ಹಂಫ್ರಿ ಇನ್ನೂ ಉಳಿದಿದ್ದರು. ಕೊರಗುವುದಾದರೆ ಅದಕ್ಕೆ ಕೊರಗಬೇಕು.

2025ರ ಜನವರಿಯಲ್ಲಿ ತಂಡ ಪೊಲ್ಲಾಕ್ ಅವರನ್ನು ಎರಡನೆಯ ಬಾರಿ ಕೈಬಿಟ್ಟು ಸ್ಕಾಟ್ ಪೀಟರ್ಸ್ ಅವರನ್ನು ತಂದಿತು. ಈ ಬದಲಾವಣೆಯನ್ನು ಅಳೆಯಲು ನಾನು ಒಟ್ಟು ಸ್ಯಾಕ್ ಸಂಖ್ಯೆಯನ್ನು ನೋಡುವುದಿಲ್ಲ, ಅಮೇರಿಯಸ್ ಮಿಮ್ಸ್ ಎಂಬ ಒಬ್ಬ ರೈಟ್ ಟ್ಯಾಕಲ್‌ನನ್ನು ನೋಡುತ್ತೇನೆ. 2024ರಲ್ಲಿ 18ನೆಯವರಾಗಿ ಆಯ್ಕೆಯಾದ ಅವರು ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಆರಂಭಿಕ ಆಟಗಾರನಾಗಿ ಆಡಿದ್ದು ಎಂಟೇ ಪಂದ್ಯಗಳು. ಎತ್ತರ, ತೋಳಿನ ಉದ್ದ, ಕಾಲಿನ ಚುರುಕು ಎಲ್ಲವೂ ಇರುವ, ಕಲಿಕೆಯಷ್ಟೇ ಬಾಕಿಯಿರುವ ಇಂಥ ಆಟಗಾರನ ವಿಷಯದಲ್ಲಿ ಆಯ್ಕೆದಾರರನ್ನು ದೂರಲು ಅವಕಾಶ ಕಡಿಮೆ. ಮುಂದಿನ ಭಾನುವಾರ ತಂದೆ ಮಗ ಇಬ್ಬರೂ ಬಲ ತುದಿಯ ಮೇಲೆ ಕಣ್ಣಿಟ್ಟು ಕುಳಿತುಕೊಳ್ಳಿ. ಮಗನ ಕಾಲು ಪಾಲು ಅರ್ಧಕ್ಕೇರುವುದಿದ್ದರೆ ಅದು ಅಲ್ಲಿಂದಲೇ ಏರಬೇಕು.