ಓದುಗರ ಪ್ರಶ್ನೆ: ತಾರಸಿ ಮೇಲೆ ಊಟ, ಊಟದೊಳಗೆ ಆಟ

ಪ್ರಶ್ನೆ: ನಾವು ಮೂವರು ಗೆಳತಿಯರು. ತಿಂಗಳಿಗೊಮ್ಮೆ ನಮ್ಮ ಮನೆ ತಾರಸಿ ಮೇಲೆ ಒಂದು ಥೀಮ್ ಇಟ್ಟುಕೊಂಡು ಇಪ್ಪತ್ತು ಜನಕ್ಕೆ ಪಾಪ್‌ಅಪ್ ಊಟ, ಅಂದರೆ ಹೋಟೆಲಿನ ಹಾಗೆ ದಿನಾ ಅಲ್ಲದೆ ಆ ಒಂದು ದಿನಕ್ಕಷ್ಟೇ ಇರುವ ಊಟ, ಹಾಕಬೇಕು ಅಂತ ಆಸೆ. ಬಂದವರು ಸುಮ್ನೆ ಉಂಡು ಹೋಗಬಾರದು, ಅವರೂ ಸೇರಿ ಏನಾದರೂ ಮಾಡಬೇಕು. ಇದೂ ಒಂದು ಕಲೆ ಅಂದರೆ ನಮ್ಮ ಯಜಮಾನರು ಒಪ್ಪುತ್ತಿಲ್ಲ. 'ಊಟ ಹಾಕೋದು ಕಲೆ ಹೇಗಾಗತ್ತೆ? ಹಾಗಾದ್ರೆ ಮದುವೆ ಮನೆ ಅಡುಗೆ ಭಟ್ಟರೆಲ್ಲ ಕಲಾವಿದರಾ?' ಅನ್ನುತ್ತಾರೆ. ಏನು ಹೇಳಲಿ?
– ಓದುಗಿ, ಜಯನಗರ

ಉತ್ತರ: ಅಡುಗೆ ಭಟ್ಟರು ಖಂಡಿತ ಕಲಾವಿದರೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ನೀವು ಮಾಡಹೊರಟಿರುವುದು ಬೇರೆ. ಭಟ್ಟರ ಕಲೆ ಹುಳಿಯ ರುಚಿಯಲ್ಲಿದೆ. ನಿಮ್ಮದು ಆ ಹುಳಿಯ ಮುಂದೆ ಕೂತ ಜನರ ನಡುವೆ ಏನಾಗುತ್ತದೆ ಅನ್ನುವುದರಲ್ಲಿದೆ.

ಯಜಮಾನರಿಗೆ ಈ ಕಥೆ ಹೇಳಿ. 1992ರಲ್ಲಿ ನ್ಯೂಯಾರ್ಕಿನ '303' ಅನ್ನುವ ಕಲಾ ಗ್ಯಾಲರಿಯಲ್ಲಿ ರಿರ್ಕ್ರಿಟ್ ತಿರಾವನಿಜ ಅನ್ನುವ ಥಾಯ್ ಕಲಾವಿದ ಗ್ಯಾಲರಿಯ ಹಿಂಭಾಗದ ಆಫೀಸಿನ ಸಾಮಾನನ್ನೆಲ್ಲ ಮುಂದಿನ ಕೋಣೆಗೆ ತಂದಿಟ್ಟರು. ಹಿಂದೆ ಖಾಲಿಯಾದ ಜಾಗದಲ್ಲಿ ಒಲೆ ಹಚ್ಚಿ, ಅನ್ನ ಮತ್ತು ಥಾಯ್ ಕರಿ ಮಾಡಿ, ಬಂದವರಿಗೆಲ್ಲ ಪುಕ್ಕಟೆ ಬಡಿಸಿದರು. ಗೋಡೆ ಮೇಲೆ ಚಿತ್ರ ನೋಡಲು ಬಂದವರು ತಟ್ಟೆ ಹಿಡಿದು, ಗುರುತೇ ಇಲ್ಲದವರ ಪಕ್ಕ ಕೂತು ಮಾತಾಡಿದರು. ಆ ಕೂತು ಮಾತಾಡಿದ್ದೇ ಅವರ ಕೃತಿ. ಅದಕ್ಕೂ 30 ವರ್ಷ ಮೊದಲು, 1962ರಲ್ಲಿ, ಆಲಿಸನ್ ನೋಲ್ಸ್ ಅನ್ನುವ ಕಲಾವಿದೆ ಲಂಡನ್ನಿನಲ್ಲಿ ಸಭಿಕರ ಎದುರೇ ದೊಡ್ಡದೊಂದು ಸಲಾಡ್ ಮಾಡಿ ಎಲ್ಲರಿಗೂ ಹಂಚಿದ್ದರು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಮದುವೆಗಳಲ್ಲಿ ಭೂಮದ ಊಟ ಇದೆ. ಗಂಡು ಹೆಣ್ಣು ಒಬ್ಬರಿಗೊಬ್ಬರು ತುತ್ತು ಕೊಡಬೇಕು, ಹೆಸರು ಹೇಳು ಅಂದಾಗ ಒಗಟು ಕಟ್ಟಿ ಹೇಳಬೇಕು, ಪಕ್ಕದಲ್ಲಿ ಬೀಗರ ಹಾಡಿನ ಕೀಟಲೆ. ಇದೆಲ್ಲ ಆಟವೇ ಅಲ್ವಾ? ಮೊನ್ನೆಮೊನ್ನೆ ತನಕ ಗುರುತೇ ಇಲ್ಲದ ಎರಡು ಮನೆಗಳನ್ನು ನಗಿಸಿ ಹತ್ತಿರ ಮಾಡುವ ಆಟ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ಬೇರೆ ಬೇರೆ ಜಾತಿಯವರನ್ನು ಒಟ್ಟಿಗೆ ಕೂರಿಸಿ ಊಟ ಮಾಡಿಸಿದರು. ಅಷ್ಟಕ್ಕೇ ಊರಿನವರು ಅವರಿಗೆ ಬಹಿಷ್ಕಾರ ಹಾಕಿದರು. ಅದನ್ನು ಅವರು ಕಲೆ ಅಂತ ಕರೆಯಲಿಲ್ಲ, ಅದು ಸಮಾಜ ಬದಲಿಸುವ ಕೆಲಸ. ಆದರೆ ಯಾರ ಪಕ್ಕ ಯಾರು ಕೂರುತ್ತಾರೆ ಅನ್ನುವುದು ಸಣ್ಣ ವಿಷಯ ಅಲ್ಲ ಅಂತ ಅದರಿಂದ ಗೊತ್ತಾಗುತ್ತದೆ. ಹಾಗಾಗಿ ಇಪ್ಪತ್ತು ಜನರನ್ನು ಕರೆಯುವಾಗ ನಿಮ್ಮ ಆಫೀಸಿನವರು, ನಿಮ್ಮ ನೆಂಟರು ಅಂತ ಒಂದೇ ಗುಂಪಿನಿಂದ ಆರಿಸಬೇಡಿ. ನಿಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವವರನ್ನು, ಎದುರುಮನೆಯ ಕಾಲೇಜು ಹುಡುಗನನ್ನು, ಮೂರನೇ ಕ್ರಾಸಿನ ರಿಟೈರ್ಡ್ ಮೇಷ್ಟ್ರನ್ನು ಕರೆಯಿರಿ.

ಪ್ರಶ್ನೆ: ಥೀಮ್ ಅಂದರೆ ಎಲ್ಲರೂ ಬಣ್ಣದ ಪರದೆ, ಲೈಟು, ಒಂದೇ ಬಣ್ಣದ ಬಟ್ಟೆ ಅನ್ನುತ್ತಾರೆ. ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ. ಕಡಿಮೆ ಖರ್ಚಿನಲ್ಲಿ, ಬೆಂಗಳೂರಿನದೇ ಅನ್ನಿಸುವ ಥೀಮ್ ಇದ್ದರೆ ಹೇಳಿ.
– ಓದುಗ, ಮಲ್ಲೇಶ್ವರ

ಉತ್ತರ: ಪರದೆ, ಲೈಟು ಎರಡನ್ನೂ ಬಿಟ್ಟುಬಿಡಿ. ಬಂದವರ ಕೈಗೆ ಏನು ಕೆಲಸ ಕೊಡುತ್ತೀರಿ ಅಂತ ಮೊದಲು ಯೋಚಿಸಿ. ಥೀಮ್ ಹುಟ್ಟುವುದು ಅಲ್ಲಿಂದ.

ಚಳಿಗಾಲ ಬಂದರೆ ಅವರೆಕಾಳಿಗಿಂತ ಒಳ್ಳೆಯ ಥೀಮ್ ಈ ಊರಲ್ಲಿ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಸೊಗಡು ಇರುವ ಕಾಯಿ ಸಿಗುತ್ತದೆ. ಬಿಡಿಸಿದ ಕಾಳು ಎರಡು ಕಿಲೋದಷ್ಟು ಹಿಂದಿನ ರಾತ್ರಿ ನೆನೆಹಾಕಿ. ಬಂದವರಿಗೆ ಚಪ್ಪಲಿ ಬಿಟ್ಟ ತಕ್ಷಣ ಒಂದೊಂದು ಬಟ್ಟಲು ಕಾಳು ಕೊಡಿ, ಚಾಪೆ ಮೇಲೆ ವೃತ್ತವಾಗಿ ಕೂರಿಸಿ, ಹಿತುಕಲು ಹೇಳಿ. ಎಲ್ಲರ ಬಟ್ಟಲೂ ಖಾಲಿಯಾಗುವ ತನಕ ಒಲೆ ಹಚ್ಚುವುದಿಲ್ಲ, ಇದೊಂದೇ ನಿಯಮ. ಮಸಾಲೆ ರುಬ್ಬಿಟ್ಟುಕೊಂಡಿರಿ, ಹಿತಕಿದ ಬೇಳೆ ಬೇಗ ಬೇಯುತ್ತದೆ. ನಾನು ಇದನ್ನು ಮಾಡಿದಾಗ ಒಬ್ಬ ಹುಡುಗ, ಸಾಫ್ಟ್‌ವೇರ್ ಕೆಲಸದವನು, ಹಿತುಕುವುದು ಹೇಗೆ ಅಂತ ಪಕ್ಕದ ಅಜ್ಜಿಯನ್ನು ಕೇಳಿದ. ಅಜ್ಜಿ ಅವನ ಬೆರಳು ಹಿಡಿದು ತೋರಿಸಿದರು. ಕಾಳು ಪುಳಕ್ಕನೆ ಹಾರಿ ಎದುರಿನವರ ಮಡಿಲಿಗೆ ಬಿತ್ತು. ಅಲ್ಲಿಂದ ಶುರುವಾದ ಮಾತು ಸಾರು, ಅಕ್ಕಿರೊಟ್ಟಿ ಮುಗಿದರೂ ನಿಲ್ಲಲಿಲ್ಲ.

ಎರಡನೆಯದು ಬಸ್ ಊಟ. ಕುರ್ಚಿಗಳನ್ನು ಬಸ್ಸಿನ ಸೀಟಿನ ಹಾಗೆ ಎರಡೆರಡಾಗಿ ಜೋಡಿಸಿ. ಒಬ್ಬರು ಕಂಡಕ್ಟರ್. ಒಂದೊಂದು ತಿಂಡಿ ಒಂದೊಂದು ಸ್ಟಾಪು, ಸೀಟಿ ಊದಿದಾಗ ಎಲ್ಲರೂ ಎದ್ದು ಬೇರೆಯವರ ಪಕ್ಕ ಕೂರಬೇಕು. ಚಿಲ್ಲರೆ ಇಲ್ಲದಾಗ ನಮ್ಮ ಕಂಡಕ್ಟರ್‌ಗಳು ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, ಅದನ್ನೇ ಬಳಸಿ. ಪ್ರತಿ ಟಿಕೆಟ್ ಹಿಂದೆ ಇನ್ನೊಬ್ಬ ಅತಿಥಿಯ ಹೆಸರು ಬರೆದುಕೊಡಿ. ಆ ವ್ಯಕ್ತಿ ನಿಮಗೆ ಒಂದು ಕಥೆ ಬಾಕಿ ಇಟ್ಟುಕೊಂಡಿದ್ದಾರೆ, ಈ ಊರಲ್ಲಿ ಅವರು ಮೊದಲು ಉಂಡ ಊಟದ ಕಥೆ. ಇಳಿಯುವುದರೊಳಗೆ ಕೇಳಿ ವಸೂಲಿ ಮಾಡಿಕೊಳ್ಳಬೇಕು. ಖರ್ಚು ಎಷ್ಟು? ಒಂದು ಸೀಟಿ, ಇಪ್ಪತ್ತು ಚೀಟಿ.

ಹುಣ್ಣಿಮೆ ದಿನ ಕೈತುತ್ತು ಕೂಡ ಮಾಡಬಹುದು. ತಟ್ಟೆಯೇ ಇಲ್ಲ. ನಡುವೆ ಒಂದು ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತು, ಆಮೇಲೆ ಮೊಸರನ್ನ. ಒಬ್ಬೊಬ್ಬರು ಒಂದೊಂದು ಸುತ್ತು ಅಜ್ಜಿಯ ಜಾಗದಲ್ಲಿ ಕೂತು ಉಳಿದವರ ಅಂಗೈಗೆ ತುತ್ತು ಹಾಕಬೇಕು. ದೊಡ್ಡವರು ಮಕ್ಕಳ ಹಾಗೆ ಕೈ ಚಾಚಿ ಕಾಯುವುದನ್ನು ನೋಡಬೇಕು ನೀವು!

ಪ್ರಶ್ನೆ: ನಮ್ಮ ಅತ್ತೆಗೆ ಎಂಜಲು ಅಂದರೆ ಆಗುವುದಿಲ್ಲ. ಕೆಲವರಿಗೆ ನಾಚಿಕೆ ಜಾಸ್ತಿ. ಆಟ ಅಂದ ತಕ್ಷಣ ಮೂಲೆ ಸೇರುತ್ತಾರೆ. ಇಂಥವರನ್ನು ಹೇಗೆ ಒಳಗೆ ತರೋದು?
– ಓದುಗಿ, ರಾಜಾಜಿನಗರ

ಉತ್ತರ: ಎಳೆದು ತರಬೇಡಿ. ನಾನು ಒಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಉಣ್ಣುವ ಊಟ ಇಟ್ಟಿದ್ದೆ. ವಾಸನೆ, ಸ್ಪರ್ಶದಿಂದ ಅಡುಗೆ ಗುರುತಿಸಲಿ ಅಂತ. ವಯಸ್ಸಾದ ಒಬ್ಬರು ಎರಡು ನಿಮಿಷದಲ್ಲಿ ಬೆವೆತುಹೋದರು, ಬಟ್ಟೆ ಬಿಚ್ಚಿಟ್ಟು ಏನೂ ಉಣ್ಣದೆ ಹೊರಟುಬಿಟ್ಟರು. ನಮ್ಮ ಮನೆಯಿಂದ ಒಬ್ಬರು ಹಸಿದು ಹೋದರು ಅನ್ನುವುದು ನನಗೆ ಇವತ್ತಿಗೂ ನೋವು. ಆಮೇಲಿಂದ ಕರೆಯುವಾಗಲೇ ಆಟ ಏನು ಅಂತ ಹೇಳಿಬಿಡುತ್ತೇನೆ, ಆಡದೆ ಕೂರುವವರಿಗೂ ಅದೇ ಊಟ, ಅದೇ ಮರ್ಯಾದೆ.

ನಾಚುವವರಿಗೆ ಬಡಿಸುವ ಕೆಲಸ ಕೊಡಿ. ಕೈಯಲ್ಲಿ ಸೌಟು ಇದ್ದರೆ ಮಾತು ತಾನಾಗಿ ಬರುತ್ತದೆ, 'ಇನ್ನೊಂದು ಸ್ವಲ್ಪ?' ಅಂತ ಕೇಳಲೇಬೇಕಲ್ಲ. ಎಂಜಲಿನ ವಿಷಯದಲ್ಲಿ ಅತ್ತೆಯವರ ಮಾತು ಕೇಳಿ, ಆರೋಗ್ಯಕ್ಕೂ ಒಳ್ಳೆಯದು. ಕೈತುತ್ತಿನ ದಿನ ಹಾಕುವವರು ಕೈ ತೊಳೆದು, ತಾವು ಉಣ್ಣುವ ಮೊದಲೇ ಹಾಕಲಿ, ಸುತ್ತು ಬದಲಾದಾಗ ಮತ್ತೆ ತೊಳೆಯಲಿ. ಆದರೆ ಒಂದು ಮಾತು. ಎಂಜಲು ಬೇಡ ಅನ್ನುವುದು ಬೇರೆ, ಇಂಥವರ ಕೈಯಿಂದ ಬೇಡ ಅನ್ನುವುದು ಬೇರೆ. ಮೊದಲನೆಯದಕ್ಕೆ ಒಪ್ಪಿ, ಎರಡನೆಯದಕ್ಕೆ ಒಪ್ಪಬೇಡಿ.

ಪ್ರಶ್ನೆ: ದುಡ್ಡು ತಗೋಬಹುದಾ? ಅಪಾರ್ಟ್‌ಮೆಂಟಿನಲ್ಲಿ ಮಾಡಬಹುದಾ?
– ಓದುಗ, ಬನಶಂಕರಿ

ಉತ್ತರ: ದಿನಸಿ ಖರ್ಚನ್ನು ಗೆಳೆಯರೆಲ್ಲ ಹಂಚಿಕೊಂಡರೆ ಒಂದು ಲೆಕ್ಕ. ಹೊರಗಿನವರಿಗೆ ಟಿಕೆಟ್ ಮಾರಿ ನಿಯಮಿತವಾಗಿ ಊಟ ಹಾಕಿದರೆ ಅದು ಆಹಾರ ವ್ಯಾಪಾರ, ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ನಿಗೆ ಮೊದಲೇ ಹೇಳಿ, ತಾರಸಿ ಮೇಲೆ ಒಲೆ ಹಚ್ಚುವ ಹಾಗಿದ್ದರೆ ಇನ್ನೂ ಮುಂಚೆ. ಕಡಲೆಕಾಯಿ, ಗೋಡಂಬಿ, ಹಾಲು ಯಾರಿಗೆ ಆಗುವುದಿಲ್ಲ ಅಂತ ಕರೆಯುವಾಗಲೇ ಕೇಳಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಕಾಯಿ ಚಟ್ನಿ ಬೇಗ ಹಳಸುತ್ತದೆ, ಕೊನೆಗೆ ರುಬ್ಬಿ. ಪ್ಲಾಸ್ಟಿಕ್ ತಟ್ಟೆ, ಲೋಟ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಬಾಳೆಎಲೆ ಇಲ್ಲವೇ ಮುತ್ತುಗದ ಎಲೆ ತನ್ನಿ, ಊಟ ಆದಮೇಲೆ ಅವತ್ತೇ ಹಸಿ ಕಸಕ್ಕೆ ಹಾಕಿ. ಮತ್ತೆ ಕೆಳಗಿನ ಮನೆಯವರಿಗೆ ತಲೆ ಮೇಲೆ ಕುರ್ಚಿ ಎಳೆದಾಡುವ ಸದ್ದು ಕೇಳುತ್ತದೆ, ಅವರನ್ನು ಮೊದಲನೇ ಊಟಕ್ಕೇ ಕರೆಯಿರಿ.