ದುಬೈ ನೌಕರಿ ಬಿಟ್ಟು ಕುಮಟಾ ಕಡೆ ಶಾಶ್ವತವಾಗಿ ಬರುವುದಾದರೆ ಯಾವ ತಿಂಗಳು ಬರಬೇಕು, ಏನೇನು ತಯಾರಿ ಬೇಕು?

ನೀವು ಬರೆದದ್ದು ಇಷ್ಟು: ಹನ್ನೊಂದು ವರ್ಷದಿಂದ ದುಬೈನಲ್ಲಿ ನೌಕರಿ, ಹೆಂಡತಿ ಮತ್ತು ಸಿಬಿಎಸ್‌ಇ ಶಾಲೆಗೆ ಹೋಗುವ ಇಬ್ಬರು ಮಕ್ಕಳು ಅಲ್ಲೇ ಇದ್ದಾರೆ. ಕುಮಟಾ–ಹೊನ್ನಾವರ ನಡುವೆ ಹೊಳೆ ಹತ್ತಿರ ತಂದೆಯವರ ಕಾಲದ ಹೆಂಚಿನ ಮನೆ, ಎಕರೆಗೂ ಕಡಿಮೆ ತೋಟ. ವರ್ಷಕ್ಕೆ ಸುಮಾರು ನಲವತ್ತು ದಿನ ರಜೆಗೆ ಬಂದು ಹೋಗುತ್ತೀರಿ. ಅಕ್ಟೋಬರ್ ಮೊದಲ ವಾರದ ನಂತರ ಬಂದರೆ ತೆರಿಗೆ ಉಳಿಯುತ್ತದೆ ಎಂದು ಯಾರೋ ಹೇಳಿದ್ದಾರೆ, ಹಾಗೆ ಲೆಕ್ಕ ಹಾಕಿ ರಾಜೀನಾಮೆ ಕೊಡಲೇ ಎಂದು ಕೇಳಿದ್ದೀರಿ.

ನನ್ನ ಉತ್ತರ: ಬೇಡ. ಮಾರ್ಚ್ ಕೊನೆಗೆ ಬನ್ನಿ, ಆದರೆ ಅದಕ್ಕೆ ಹಿಂದಿನ ಜುಲೈಯಲ್ಲಿ ಒಂದು ರಜೆ ಹಾಕಿ ಮನೆ ನೋಡಿ ಹೋಗಿ.

ಮೊದಲು ತೆರಿಗೆಯ ಮಾತು ಮುಗಿಸೋಣ. ಅಕ್ಟೋಬರ್ ಲೆಕ್ಕ ಸುಳ್ಳಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ, ಹಿಂದಿನ ನಾಲ್ಕು ವರ್ಷದ ಒಟ್ಟು ವಾಸವೂ 365 ದಿನದೊಳಗಿದ್ದರೆ, ಆ ವರ್ಷಕ್ಕೆ ನೀವು ಅನಿವಾಸಿ. ನಿಮ್ಮದು ನಾಲ್ಕು ವರ್ಷಕ್ಕೆ 160 ದಿನ, ತೊಂದರೆಯಿಲ್ಲ. ಆದರೆ ಏಪ್ರಿಲ್‌ನಲ್ಲೇ ಊರಲ್ಲಿದ್ದರೂ ನೀವು ತಕ್ಷಣ ಸಾಮಾನ್ಯ ನಿವಾಸಿ ಆಗುವುದಿಲ್ಲ. ಹಿಂದಿನ ಏಳು ವರ್ಷದಲ್ಲಿ ಭಾರತದಲ್ಲಿದ್ದ ದಿನ 729ರೊಳಗೆ ಇದ್ದರೆ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ) ಎಂಬ ನಡುವಿನ ಸ್ಥಿತಿ ಸಿಗುತ್ತದೆ. ಮೊದಲ ವರ್ಷಕ್ಕೆ ನಿಮ್ಮ ಲೆಕ್ಕ ಏಳು ನಲವತ್ತಲೆ 280. ಎರಡನೇ ವರ್ಷಕ್ಕೆ ಆರು ನಲವತ್ತಲೆ 240, ಜೊತೆಗೆ ಊರಲ್ಲಿ ಕಳೆದ 365, ಒಟ್ಟು 605. ಮೂರನೇ ವರ್ಷಕ್ಕೆ ಮಿತಿ ದಾಟುತ್ತದೆ. ಅಂದರೆ ಎರಡು ವರ್ಷ ನಿಮ್ಮ ವಿದೇಶದ ಠೇವಣಿಯ ಬಡ್ಡಿ, ಅಲ್ಲಿನ ಷೇರು, ಬಾಡಿಗೆ ಯಾವುದಕ್ಕೂ ಇಲ್ಲಿ ತೆರಿಗೆಯಿಲ್ಲ. ಅಕ್ಟೋಬರ್‌ನಲ್ಲಿ ಬಂದರೆ ಇದಕ್ಕೆ ಇನ್ನೊಂದು ಅರ್ಧ ವರ್ಷ ಸೇರಬಹುದು, ಅಷ್ಟೆ. ಅದಕ್ಕಾಗಿ ಮಕ್ಕಳನ್ನು ಅರ್ಧ ವರ್ಷದಲ್ಲಿ ಶಾಲೆಯಿಂದ ಕಿತ್ತು ತರುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿನ ಸಿಬಿಎಸ್‌ಇ ವರ್ಷ ಮಾರ್ಚ್‌ಗೆ ಮುಗಿಯುತ್ತದೆ, ಇಲ್ಲಿನ ಶಾಲೆ ಮೇ ಕೊನೆ–ಜೂನ್‌ಗೆ ಶುರು. ಟಿ.ಸಿ.ಗೆ ಅಲ್ಲಿನ ಶಿಕ್ಷಣ ಪ್ರಾಧಿಕಾರದ ದೃಢೀಕರಣ ಮಾಡಿಸಿಕೊಂಡೇ ಹೊರಡಿ. ಇಲ್ಲಿಂದ ಕೂತು ಮಾಡಿಸುವುದು ತಲೆನೋವು.

ತೆರಿಗೆಯಲ್ಲಿ ನಿಜವಾಗಿ ಹಣ ಕಳೆಯುವುದು ಬೇರೆ ಎರಡು ಕಡೆ. ಒಂದು, ಕೊನೆಯ ಸೆಟ್ಲ್‌ಮೆಂಟ್ ಹಣವನ್ನು ಕಂಪನಿಯಿಂದ ನೇರ ಭಾರತದ ಖಾತೆಗೆ ಹಾಕಿಸುವುದು. ಹಣ ಮೊದಲು ಕೈಸೇರಿದ್ದು ಭಾರತದಲ್ಲಿ ಎಂದಾದರೆ ಅನಿವಾಸಿಗೂ ಅದು ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಅಲ್ಲಿನ ಖಾತೆಗೇ ಬರಲಿ, ಆಮೇಲೆ ನೀವು ಕಳಿಸಿಕೊಳ್ಳಿ. ಎರಡು, ಎನ್‌ಆರ್‌ಇ ಠೇವಣಿ, ಅಂದರೆ ಅನಿವಾಸಿಗಳು ವಿದೇಶದ ದುಡಿಮೆಯನ್ನು ಇಲ್ಲಿನ ಬ್ಯಾಂಕಿನಲ್ಲಿ ರೂಪಾಯಿಯಾಗಿ ಇಡುವುದು. ಆದಾಯ ತೆರಿಗೆ ದಿನ ಎಣಿಸುತ್ತದೆ, ಫೆಮಾ (ವಿದೇಶಿ ವಿನಿಮಯದ ಕಾನೂನು) ಮುಖ್ಯವಾಗಿ ನೀವು ಬಂದ ಉದ್ದೇಶ ನೋಡುತ್ತದೆ. ಶಾಶ್ವತವಾಗಿ ಇರಲೆಂದು ನೀವು ವಿಮಾನ ಇಳಿದ ದಿನದಿಂದಲೇ ಫೆಮಾ ಪ್ರಕಾರ ನಿವಾಸಿ. ಎನ್‌ಆರ್‌ಇ ಖಾತೆಯ ಬಡ್ಡಿಗಿರುವ ವಿನಾಯಿತಿ ಅಂದೇ ನಿಲ್ಲುತ್ತದೆ. ಬ್ಯಾಂಕಿಗೆ ಹೇಳದೆ ಸುಮ್ಮನಿದ್ದರೆ ಅದು ಮುಂದುವರಿದಂತೆ ಕಾಣುತ್ತದೆ, ಆದರೆ ನಾಳೆ ನೋಟಿಸ್ ಬಂದರೆ ಉತ್ತರ ಕೊಡಬೇಕಾದವರು ನೀವು. ಆದ್ದರಿಂದ ಹೊರಡುವ ಮೊದಲೇ, ಒಂದೆರಡು ವರ್ಷ ಮುಟ್ಟಬೇಕಾಗಿಲ್ಲದ ಹಣವನ್ನು ಎಫ್‌ಸಿಎನ್‌ಆರ್ ಠೇವಣಿಗೆ (ಇಲ್ಲಿನ ಬ್ಯಾಂಕಿನಲ್ಲಿ ಅನಿವಾಸಿಗಳು ವಿದೇಶಿ ಹಣದಲ್ಲೇ ಇಡುವ ಠೇವಣಿ) ಹಾಕಿ. ಅವಧಿ ಒಂದರಿಂದ ಐದು ವರ್ಷ. ಊರಿಗೆ ಬಂದ ಮೇಲೂ ಅದು ಅವಧಿ ಮುಗಿಯುವವರೆಗೆ ನಡೆಯುತ್ತದೆ, ಆರ್‌ಎನ್‌ಒಆರ್ ಇರುವಷ್ಟು ಕಾಲ ಬಡ್ಡಿಗೆ ತೆರಿಗೆಯಿಲ್ಲ, ಮುಗಿದ ಮೇಲೆ ಆರ್‌ಎಫ್‌ಸಿ ಖಾತೆಗೆ, ಅಂದರೆ ಮರಳಿ ಬಂದ ನಿವಾಸಿಗಳ ವಿದೇಶಿ ಹಣದ ಖಾತೆಗೆ, ವಿದೇಶಿ ಹಣವಾಗಿಯೇ ಹೋಗುತ್ತದೆ. ನಿಮ್ಮ ಅವಧಿಯನ್ನು ಆ ಎರಡು ವರ್ಷಕ್ಕೆ ಹೊಂದಿಸಿಕೊಳ್ಳಿ.

ಗ್ರ್ಯಾಚುಯಿಟಿ ಎಷ್ಟು ಬರುತ್ತದೆ ಎಂದು ನೀವೇ ಕೂಡಿಸಿ ನೋಡಿಕೊಳ್ಳಿ. ಯುಎಇಯ 2021ರ 33ನೇ ಫೆಡರಲ್ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ನಂತರದ ವರ್ಷಗಳಿಗೆ 30 ದಿನದ ಮೂಲ ವೇತನ. ಎಲ್ಲ ಭತ್ಯೆ ಸೇರಿದ ಸಂಬಳವಲ್ಲ, ಬರೀ ಬೇಸಿಕ್. ಬೇಸಿಕ್ 6,000 ದಿರ್ಹಮ್ ಎಂದರೆ ದಿನಕ್ಕೆ 200. ಹನ್ನೊಂದು ವರ್ಷಕ್ಕೆ 105 ಮತ್ತು 180, ಒಟ್ಟು 285 ದಿನ, ಅಂದರೆ 57,000. ಒಟ್ಟು ಸಂಬಳ ಹನ್ನೆರಡು ಸಾವಿರ ಇದೆಯೆಂದು ಇದರ ಎರಡು ಪಟ್ಟು ನಿರೀಕ್ಷಿಸಿ, ಮನೆ ರಿಪೇರಿಗೆ ಮುಂಗಡ ಕೊಟ್ಟು ಕೂರುವವರು ಬಹಳ. ಡಿಐಎಫ್‌ಸಿ (ದುಬೈಯ ಹಣಕಾಸು ಕೇಂದ್ರದ ಪ್ರತ್ಯೇಕ ವಲಯ) ಒಳಗಿನ ಕಂಪನಿಯಾದರೆ ನಿಯಮವೇ ಬೇರೆ. ನೋಟಿಸ್ ಅವಧಿ ಒಪ್ಪಂದದಂತೆ 30ರಿಂದ 90 ದಿನ, ಒಪ್ಪಂದ ಮುಗಿದ 14 ದಿನದೊಳಗೆ ಬಾಕಿ ಕೊಡಬೇಕು. ಮಾರ್ಚ್ ಕೊನೆಗೆ ಹೊರಡಲು 90 ದಿನದವರು ಡಿಸೆಂಬರ್‌ನಲ್ಲೇ ರಾಜೀನಾಮೆ ಕಾಗದ ಕೊಡಬೇಕಾಗುತ್ತದೆ.

ಕಾಗದ ಕೊಡುವ ಮುನ್ನವೇ ಕ್ರೆಡಿಟ್ ಕಾರ್ಡ್, ಸಾಲ ತೀರಿಸಿ ಬ್ಯಾಂಕಿನಿಂದ ಬಾಕಿಯಿಲ್ಲ ಎಂಬ ಪತ್ರ ತೆಗೆದುಕೊಳ್ಳಿ. ಕಾರ್ಡ್ ಮುಚ್ಚಲು ಒಂದೂವರೆ ತಿಂಗಳು ಎಳೆಯುವುದುಂಟು. ಕೊನೆಯ ಸಂಬಳ ಎಂಬ ಗುರುತಿನಲ್ಲಿ ಹಣ ಬಂದಾಗ ಸಾಲ ಬಾಕಿ ಇದ್ದರೆ ಖಾತೆಗೇ ತಡೆ ಬೀಳುತ್ತದೆ, ಗ್ರ್ಯಾಚುಯಿಟಿ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ವೀಸಾ ರದ್ದು ಮಾಡಿಸುವಾಗ ಹೆಂಡತಿ ಮಕ್ಕಳದ್ದು ಮೊದಲು, ನಿಮ್ಮದು ಕೊನೆಗೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಅಲ್ಲಿರುವಾಗಲೇ ತೆಗೆಸಿ. ಮುಂದೆ ಬೇರೆ ಯಾವ ದೇಶಕ್ಕೆ ಅರ್ಜಿ ಹಾಕಿದರೂ ಕೇಳುತ್ತಾರೆ. ಅಲ್ಲಿನ ಸಿಮ್ಮನ್ನು ಪ್ರಿಪೇಯ್ಡ್‌ಗೆ ಬದಲಿಸಿ, ರೋಮಿಂಗ್ ಹಾಕಿಸಿ ಕೆಲವು ತಿಂಗಳು ಜೀವಂತ ಇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು.

ಇನ್ನು ಮನೆ. ದುಬೈ ಸೆಖೆ ತಡೆದುಕೊಂಡವರಿಗೆ ನಮ್ಮ ಕರಾವಳಿ ಏನು ಮಹಾ ಎನ್ನಿಸುತ್ತದೆ. ಅದು ಮಳೆಯಿಲ್ಲದ ನಾಡಿನ ಸೆಖೆ, ಮನೆಯೊಳಗೆ ಎಸಿ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೇಲೆ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಡಿಸೆಂಬರ್ ರಜೆಯಲ್ಲಿ ನೋಡಿದ ಮನೆ ಯಾವಾಗಲೂ ಚಂದವೇ. ಅದಕ್ಕೇ ಜುಲೈ ಎಂದದ್ದು. ಹೇಗೂ ಆಗ ಅಲ್ಲಿ ಮಕ್ಕಳಿಗೆ ರಜೆ. ಜೋರು ಮಳೆಯ ಹೊತ್ತಿಗೆ ಟಾರ್ಚ್ ಹಿಡಿದು ಅಟ್ಟ ಹತ್ತಿ, ಸೋರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಫೋಟೋ ತೆಗೆದಿಡಿ. ಬೇಸಿಗೆಯಲ್ಲಿ ಬಂದ ಕೆಲಸಗಾರನಿಗೆ ‘ಎಲ್ಲೋ ಸೋರುತ್ತದೆ’ ಎಂದರೆ ಅವನೂ ಎಲ್ಲೋ ಹೆಂಚು ಹೊದಿಸುತ್ತಾನೆ.

ಹೆಂಚಿನ ಮನೆ ಹೆಚ್ಚಾಗಿ ಸೋರುವುದು ಹೆಂಚಿನಲ್ಲಲ್ಲ, ಎರಡು ಮಾಡು ಕೂಡುವ ಕಡೆ ಹಾಕಿದ ತಗಡಿನ ದೋಣಿಯಲ್ಲಿ. ಎಲೆ ತುಂಬಿ ನೀರು ಉಕ್ಕುತ್ತದೆ, ಉಪ್ಪುಗಾಳಿಗೆ ತಗಡು ಸಣ್ಣ ಸಣ್ಣ ತೂತು ಬೀಳುತ್ತದೆ. ಅದನ್ನು ಅಲ್ಯುಮಿನಿಯಂಗೆ ಬದಲಿಸಿ. ಹೆಂಚಿನಡಿಯ ಮರದ ರೀಪು, ಪಕಾಸಿಗೆ ಚೂರಿಯ ತುದಿ ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಒರಲೆ ಅಥವಾ ಕೊಳೆ. ಒಡೆದ ಹೆಂಚಿಗೆ ಬದಲಿ ತರುವ ಮೊದಲು ಹಳೆಯ ಹೆಂಚೊಂದನ್ನು ಮಗುಚಿ ಕಾರ್ಖಾನೆಯ ಮುದ್ರೆ ನೋಡಿಕೊಳ್ಳಿ. ಒಂದು ಕಾರ್ಖಾನೆಯ ಹೆಂಚಿನ ಹಲ್ಲು ಇನ್ನೊಂದರ ತೋಡಿಗೆ ಸರಿಯಾಗಿ ಕೂರುವುದಿಲ್ಲ. ಕೂರಿಸಿದರೂ ಎದ್ದು ನಿಂತು ಅದರಡಿ ಎರಚಲು ನುಗ್ಗುತ್ತದೆ. ಹಳೆಯ ಕಾರ್ಖಾನೆಗಳು ಎಷ್ಟೋ ಮುಚ್ಚಿವೆ, ಹಾಗಾಗಿ ಮನೆ ಕೆಡವುವವರ ಹತ್ತಿರ ಅದೇ ಮುದ್ರೆಯ ಹೆಂಚು ಹುಡುಕಬೇಕು. ಸಿಕ್ಕಾಗ ನೂರು ಹೆಚ್ಚೇ ತಂದು ಹಿತ್ತಲಲ್ಲಿ ಪೇರಿಸಿಡಿ. ಮಾಡಿನ ಕೆಲಸದವರಿಗೆ ಏಪ್ರಿಲ್–ಮೇ ಬಿಡುವೇ ಇರುವುದಿಲ್ಲ, ಜನವರಿಯಲ್ಲೇ ಮಾತಾಡಿ ದಿನ ಗೊತ್ತು ಮಾಡಿಕೊಳ್ಳಿ.

ಬಾವಿಯ ಪರೀಕ್ಷೆ ಇದರ ಉಲ್ಟಾ, ಮೇ ತಿಂಗಳಲ್ಲಿ. ಅಘನಾಶಿನಿ, ಶರಾವತಿಯ ಹಿನ್ನೀರಿಗೆ ಹತ್ತಿರದ ಬಾವಿಗಳಲ್ಲಿ ಮಳೆಗಾಲ, ಚಳಿಗಾಲ ಸಿಹಿನೀರು, ಬೇಸಿಗೆ ಕೊನೆಗೆ ಉಪ್ಪು. ಮಟ್ಟ ಇಳಿದಾಗ ಪಂಪಿನಿಂದ ಜಗ್ಗಿ ಎಳೆದಷ್ಟೂ ಉಪ್ಪು ಒಳಬರುತ್ತದೆ. ಆಗ ಕೊಳವೆ ಬಾವಿ ಕೊರೆಸುವುದು ಅನೇಕರ ಮೊದಲ ಯೋಚನೆ, ಹೊಳೆದಂಡೆಯಲ್ಲಿ ಅದೂ ಉಪ್ಪೇ ಆಗಬಹುದು. ಕಡಿಮೆ ಶಕ್ತಿಯ ಪಂಪಿನಲ್ಲಿ ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ ಎತ್ತಿ ದೊಡ್ಡ ಟ್ಯಾಂಕಿಗೆ ತುಂಬುವುದು ಅದಕ್ಕಿಂತ ಒಳ್ಳೆಯದು. ನೀವು ಬರುವುದಕ್ಕೆ ಹಿಂದಿನ ಮೇ ತಿಂಗಳಲ್ಲೇ ಯಾರಾದರೂ ನೆಂಟರಿಂದ ನೀರಿನ ಮಾದರಿ ಪರೀಕ್ಷೆ ಮಾಡಿಸಿ.

ಹೊಳೆ ಹತ್ತಿರ ಎಂದಿರುವುದರಿಂದ ಇನ್ನೊಂದು ಮಾತು. ಉಬ್ಬರದ ನೀರು ಬರುವ ಹೊಳೆಗೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಅನ್ವಯಿಸುತ್ತದೆ, ಸಮುದ್ರಕ್ಕೆ ಮಾತ್ರವಲ್ಲ. ನಿರ್ಬಂಧಿತ ವಲಯದೊಳಗಿದ್ದರೆ ಈಗಿರುವ ಅಧಿಕೃತ ಮನೆಯನ್ನು ಅದೇ ಪಂಚಾಂಗದ (ಪಾಯದ) ಅಳತೆಯೊಳಗೆ ದುರಸ್ತಿ ಮಾಡಬಹುದು, ಪಕ್ಕಕ್ಕೆ ಎರಡು ಕೋಣೆ ಹೊಸದಾಗಿ ಏರಿಸುವುದು ಕಷ್ಟ. ಹೋಂಸ್ಟೇ ಯೋಚನೆಯಿದ್ದರೆ ನಕ್ಷೆ ಮಾಡಿಸುವ ಮೊದಲು ಇದನ್ನು ಕಾರವಾರದ ಕಚೇರಿಯಲ್ಲಿ ಕೇಳಿ. ಪಹಣಿ ಇನ್ನೂ ತಂದೆಯವರ ಹೆಸರಲ್ಲಿದ್ದರೆ ವಾರಸಾ ದಾಖಲು ಈಗಲೇ ಶುರು ಮಾಡಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಒಂದು ಕಡೆ ಸೇರುವ ರಜೆಯಲ್ಲಿ. ಪಕ್ಕದ ತೋಟ ಮಾರಾಟಕ್ಕಿದೆ ಎಂದು ಆಸೆಪಟ್ಟು ದುಬೈಯಲ್ಲಿ ಇದ್ದುಕೊಂಡೇ ನಿಮ್ಮ ಹೆಸರಿಗೆ ಮಾಡಿಸಬೇಡಿ. ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ನಿಜ, ಆದರೆ ಅನಿವಾಸಿಗೆ ಕೃಷಿಭೂಮಿ ಕೊಳ್ಳಲು ಫೆಮಾ ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು ಇಟ್ಟುಕೊಳ್ಳಬಹುದು. ಬಂದು ನಿವಾಸಿಯಾದ ಮೇಲೆ ಕೊಳ್ಳಿ.

ಸಾಮಾನು ಸಾಗಿಸುವ ವಿಷಯದಲ್ಲಿ ನನ್ನ ಸಲಹೆ ಜಿಪುಣತನದ್ದು. ಎಮ್‌ಡಿಎಫ್, ಪಾರ್ಟಿಕಲ್ ಬೋರ್ಡಿನ ಕಪಾಟು, ಮಂಚ ಅಲ್ಲೇ ಮಾರಿ. ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿ, ಸ್ಕ್ರೂ ಹಿಡಿಯುವುದು ಬಿಡುತ್ತದೆ. ವಿದ್ಯುತ್ ಉಪಕರಣ ನಡೆಯುತ್ತವೆ, ಅಲ್ಲಿಯೂ 50 ಹರ್ಟ್ಝ್, ವೋಲ್ಟೇಜೂ ಹೆಚ್ಚುಕಡಿಮೆ ಒಂದೇ. ಆದರೆ ಆ ಚೌಕ ಕಾಲಿನ ಪ್ಲಗ್ ಕತ್ತರಿಸಿ ನಮ್ಮ ದುಂಡು ಪಿನ್ ಹಾಕುವಾಗ ಒಂದು ಗಮನಿಸಿ. ಅಲ್ಲಿನ ಪ್ಲಗ್ಗಿನೊಳಗೇ ಒಂದು ಸಣ್ಣ ಫ್ಯೂಸ್ ಇರುತ್ತದೆ, ತೆಳ್ಳಗಿನ ವೈರನ್ನು ಕಾಯುವುದು ಅದೇ. ನಮ್ಮ ಪ್ಲಗ್ಗಿನಲ್ಲಿ ಅದಿಲ್ಲ. ದೀಪ, ಮಿಕ್ಸರಿನಂಥವನ್ನು 16 ಆಂಪಿಯರ್ ಸಾಕೆಟ್ಟಿಗೆ ಹಾಕಬೇಡಿ. ಹಳೆಯ ಮನೆಯ ವೈರಿಂಗಿಗೆ ಅರ್ತಿಂಗ್ ಅಳೆಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಕೂರಿಸಿ. ಒದ್ದೆ ಗೋಡೆಯ ಮನೆಯಲ್ಲಿ ಇದು ಜೀವದ ಪ್ರಶ್ನೆ. ಸಿಡಿಲಿನ ಕಾಲ ಏಪ್ರಿಲ್–ಮೇ ಮತ್ತು ಅಕ್ಟೋಬರ್, ಆಗ ರೂಟರಿನ ವೈರನ್ನೂ ಕಿತ್ತಿಡುವುದು ಇಲ್ಲಿನ ರೂಢಿ.

ಕ್ಯಾಮೆರಾ, ಸರ್ಟಿಫಿಕೇಟು, ಪಾಸ್‌ಪೋರ್ಟುಗಳಿಗೆ ರಬ್ಬರ್ ಅಂಚಿನ ಬಿಗಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ಬಣ್ಣ ತಿರುಗಿದರೆ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಚರ್ಮದ ಬೂಟು, ಬೆಲ್ಟು, ಕೋಟುಗಳಿಗೆ ಬೂಷ್ಟು ಬಾರದಂತೆ ತಡೆಯುವ ಉಪಾಯ ಒಂದೇ, ತರದೇ ಇರುವುದು. ಕಸ್ಟಮ್ಸ್‌ನಲ್ಲಿ ವಾಸ ಬದಲಾವಣೆಯ ಪೂರ್ತಿ ರಿಯಾಯಿತಿಗೆ ಕನಿಷ್ಠ ಎರಡು ವರ್ಷ ಹೊರಗಿದ್ದಿರಬೇಕು, ಆ ಎರಡು ವರ್ಷದ ಭಾರತ ಭೇಟಿ ಒಟ್ಟು ಆರು ತಿಂಗಳು ಮೀರಿರಬಾರದು. ನಿಮಗೆ ಎರಡೂ ಸರಿಯಿದೆ.

ಕೊನೆಗೆ ಆಸ್ಪತ್ರೆ, ಇದನ್ನು ನಾನು ಹಗುರವಾಗಿ ಹೇಳಲಾರೆ. ಜಿಲ್ಲೆಯಲ್ಲಿ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಆದರೆ ದೊಡ್ಡ ಕಾಯಿಲೆ ಎಂದರೆ ಜನ ಇಂದಿಗೂ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿಗೆ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಜಿಲ್ಲೆ ದನಿ ಎತ್ತಿದ್ದು ಅದಕ್ಕೇ. ಮಳೆಗಾಲದಲ್ಲಿ ದಾರಿಯೂ ಕೈಕೊಡಬಹುದು: 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಕುಸಿಯಿತು, ಮುಂದಿನ ತಿಂಗಳು ಕಾರವಾರದ ಕಾಳಿ ಹಳೇ ಸೇತುವೆ ಬಿತ್ತು. ಮನೆಯಲ್ಲಿ ಹೃದಯದ ಅಥವಾ ಕಿಡ್ನಿಯ ತೊಂದರೆಯ ಹಿರಿಯರಿದ್ದರೆ, ಮಳೆಗಾಲದ ನಾಲ್ಕು ತಿಂಗಳು ಅವರನ್ನು ಎಲ್ಲಿಡುವುದು ಎಂಬುದು ಹೆಂಚು, ಬಾವಿಗಿಂತ ಮೊದಲು ತೀರ್ಮಾನ ಆಗಬೇಕು. ಆರೋಗ್ಯ ವಿಮೆಯನ್ನು ದುಬೈಯಲ್ಲಿ ಇರುವಾಗಲೇ ಕೊಳ್ಳಿ. ಕಂಪನಿಯ ವಿಮೆ ನೌಕರಿ ಮುಗಿದೊಡನೆ ಹೋಗುತ್ತದೆ, ಇಲ್ಲಿನ ಪಾಲಿಸಿಯಲ್ಲಿ ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆ ಗಡಿಯಾರ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಏಜೆಂಟ್ ಕೊಡುವ ಆಸ್ಪತ್ರೆಗಳ ಪಟ್ಟಿಯಲ್ಲಿ ಮಣಿಪಾಲ, ಮಂಗಳೂರಿನವು ನಗದುರಹಿತ ಸೌಲಭ್ಯದಲ್ಲಿ ಇವೆಯೇ ಎಂದು ನೀವೇ ನೋಡಿ. ಬೆಂಗಳೂರಿನ ಉದ್ದ ಪಟ್ಟಿ ಕುಮಟಾದಲ್ಲಿ ಇರುವವರಿಗೆ ಪ್ರಯೋಜನವಿಲ್ಲ.

ಭಾರತದ ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕು. ದಾಟುವ ಮೊದಲೇ ಆ ಜುಲೈ ರಜೆಯಲ್ಲಿ ಹೊನ್ನಾವರ ಆರ್‌ಟಿಒ ಕೆಲಸವನ್ನೂ ಸೇರಿಸಿಕೊಳ್ಳಿ.