ನಾಲ್ಕು ದ್ರಾಕ್ಷಿ ತಿಂದು ಪೆಟ್ಟಿಗೆ ಕೊಳ್ಳಬಹುದೇ?

ಪ್ರಶ್ನೆ: ಅನುಗಮನ, ನಿಗಮನ ಎರಡೂ ತರ್ಕವೇ ಅಲ್ವಾ? ಒಂದನ್ನು ಮಾತ್ರ ಖಚಿತ ಅನ್ನೋದು ಯಾಕೆ?
– ಓದುಗರೊಬ್ಬರು, ಇಂಡಿ

ಉತ್ತರ: ನಿಮ್ಮೂರನ್ನೇ ತಗೊಳ್ಳಿ. ವಿಜಯಪುರ ಜಿಲ್ಲೆಯ ಊರೆಲ್ಲ ಕರ್ನಾಟಕದಲ್ಲಿವೆ, ಇಂಡಿ ಆ ಜಿಲ್ಲೆಯಲ್ಲಿದೆ, ಹಾಗಾದರೆ ಇಂಡಿ ಕರ್ನಾಟಕದಲ್ಲಿದೆ. ಮೊದಲೆರಡು ಮಾತು ನಿಜವಾದರೆ ಮೂರನೆಯದು ತಪ್ಪೋಕೆ ದಾರಿಯೇ ಇಲ್ಲ. ಇದು ನಿಗಮನ.

ಅನುಗಮನದಲ್ಲಿ, ಅಂದರೆ ಕಂಡ ಕೆಲವನ್ನು ನೋಡಿ ಎಲ್ಲವೂ ಹಾಗೇ ಅನ್ನೋದರಲ್ಲಿ, ಆ ಗ್ಯಾರಂಟಿ ಇಲ್ಲ. ಒಮ್ಮೆ ವಿಜಯಪುರದ ಸಂತೆಯಲ್ಲಿ ಪೆಟ್ಟಿಗೆಯ ಮೇಲಿನ ನಾಲ್ಕು ದ್ರಾಕ್ಷಿ ಬಾಯಿಗೆ ಹಾಕಿಕೊಂಡೆ, ನಾಲ್ಕೂ ಸಿಹಿ, ಅಂದ ಮೇಲೆ ಎಲ್ಲವೂ ಸಿಹಿ ಅಂತ ಪೆಟ್ಟಿಗೆಯನ್ನೇ ಹೊತ್ತು ತಂದೆ, ಮನೆಯಲ್ಲಿ ನೋಡಿದರೆ ತಳದ ಗೊಂಚಲು ಹುಣಸೆಗಿಂತ ಹುಳಿ! ಯುರೋಪಿನವರೂ ಹಂಸವೆಲ್ಲ ಬಿಳಿ ಅಂದುಕೊಂಡಿದ್ದರು. 1697ರಲ್ಲಿ ಡಚ್ಚರು ಆಸ್ಟ್ರೇಲಿಯಾದಲ್ಲಿ ಕಪ್ಪು ಹಂಸ ಕಂಡರು. ಹಾಗಂತ ಅನುಗಮನ ಬಿಡೋಕಾಗಲ್ಲ, ಸಂತೆಯಲ್ಲಿ ಬೇರೆ ದಾರಿ ಏನಿದೆ? ಈಗ ತಳಕ್ಕೂ ಕೈ ಹಾಕಿ ಎರಡು ಕಾಳು ತಿಂದು ನೋಡ್ತೀನಿ, ವ್ಯಾಪಾರಿ ಗುರುಗುಟ್ಟಿದರೂ ಸರಿ.